ಹೆಸರು ಕಳೆದುಕೊಂಡ ನೆಲ



ಈ ಜಡೆ ಊರಿನ ನೆಲದ ಮೇಲೆ ನಿಂತು ಭಾಷಾಂತರವನ್ನು ಕುರಿತು ಮಾತನಾಡುವವನು ಮೊದಲು ಕಾನಿನ ಹೆಸರನ್ನೆತ್ತುವುದು ಉಚಿತ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬಿಬ್ಬರು ಅಧಿಕಾರಿಗಳು ನಮ್ಮ ಸೊರಬ ತಾಲ್ಲೂಕಿನ ಕಾನುಗಳ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ವರದಿಯನ್ನು ಬರೆದರು. ಬ್ರಾಂಡಿಸರು ಜರ್ಮನಿಯಲ್ಲಿ ಹುಟ್ಟಿ, ಸಸ್ಯಶಾಸ್ತ್ರದಲ್ಲಿ ಪರಿಣತರಾಗಿ, ಇಡೀ ಭಾರತದ ಅರಣ್ಯಾಡಳಿತಕ್ಕೆ ಪ್ರಥಮ ಮುಖ್ಯಾಧಿಕಾರಿಯಾದವರು. ಕಾಡಿಗೆ ಸಂಬಂಧಿಸಿದ ಐರೋಪ್ಯ ಪದಗಳಿಗೆ ಅವರಲ್ಲಿ ಕೊರತೆಯಿರಲಿಲ್ಲ. ಆದರೂ ವರದಿಯ ತಲೆಬರಹದಲ್ಲಿಯೇ ಕಾನು ಕಾನಾಗಿಯೇ ಉಳಿಯಿತು. ಕಪ್ಪುಮೆಣಸಿನ ಬಳ್ಳಿ ಹಬ್ಬಿದ, ಬಗನಿಯೂ ದಾಲ್ಚಿನ್ನಿಯೂ ಬೆಳೆದ, ಕೊಡಲಿಗಂಜದೆ ದೇವರ ಹೆಸರಿನಲ್ಲಿ ನಿಂತ ನಿತ್ಯಹರಿದ್ವರ್ಣದ ಕಾಡು; ಅದರ ಬುಡದಲ್ಲಿ ಒರತೆ; ಒರತೆಯ ಕೆಳಗೆ ಕೆರೆ; ಕೆರೆಯ ಕೆಳಗೆ ಭತ್ತದ ಗದ್ದೆ: ಇಷ್ಟನ್ನೂ ಎರಡಕ್ಷರದಲ್ಲಿ ಹಿಡಿದಿಟ್ಟ ಮಾತನ್ನು ಅನುವಾದಿಸದೆ ಬಿಟ್ಟುದೇ ಅಲ್ಲಿ ಸರಿಯಾದ ಅನುವಾದವಾಯಿತೆಂದು ನನ್ನ ಭಾವನೆ.

ಎಲ್ಲ ಮಾತುಗಳಿಗೂ ಇಂಥ ಭಾಗ್ಯ ದೊರೆಯಲಿಲ್ಲ. ದೂರದ ನಾರ್ವೆ ದೇಶದಲ್ಲಿ ಊರಬೇಲಿಯ ಆಚೆಗಿನ ಬೆಟ್ಟ, ಕಾಡು, ಹುಲ್ಲುಗಾವಲುಗಳಿಗೆಲ್ಲ 'ಉತ್‌ಮಾರ್ಕ್' ಎಂದು ಹೆಸರು. ಹೊರಗಣ ನೆಲವೆಂದು ಅದರ ಶಬ್ದಾರ್ಥ. ಬೇಸಗೆಯಲ್ಲಿ ಕುರಿಗಳು ಮೇಯುವುದು ಅಲ್ಲಿ. ಯಾರ ಅಪ್ಪಣೆಯನ್ನೂ ಬೇಡದೆ ಸರ್ವರೂ ಅಲ್ಲಿ ನಡೆದಾಡಬಹುದೆಂಬ ಪುರಾತನ ವಾಡಿಕೆಗೆ 1957ರಲ್ಲಿ ಶಾಸನದ ಬಲವೂ ಬಂದಿತು. ಆ ಶಾಸನ ಇಂಗ್ಲಿಷಿಗೆ ಬಂದಾಗ ಉತ್‌ಮಾರ್ಕ್ ಎಂಬುದು 'ಕೃಷಿ ಮಾಡದ ಭೂಮಿ' ಎಂಬರ್ಥದ ಮಾತಾಯಿತು. ನಾರ್ವೆಯ ಪದ ನೆಲ ಎಲ್ಲಿದೆಯೆಂಬುದನ್ನು ಹೇಳುತ್ತದೆ; ಇಂಗ್ಲಿಷಿನ ಪದ ಅದರಲ್ಲಿ ಏನಿಲ್ಲವೆಂಬುದನ್ನು ಹೇಳುತ್ತದೆ. ಹುಲ್ಲು ಕೊಯ್ಯುವ ನಮ್ಮ ಬ್ಯಾಣವನ್ನು ಬಲ್ಲ ರೈತನಿಗೆ ಉತ್‌ಮಾರ್ಕ್ ಎಂದರೇನೆಂದು ತಿಳಿಸಲು ಇಂಗ್ಲಿಷಿನ ಮಧ್ಯಸ್ಥಿಕೆ ಬೇಕಾಗಲಾರದು.

ಈ ಭೇದವನ್ನು ಕೇವಲ ಪಂಡಿತರ ಚರ್ಚೆಯೆಂದು ತಿಳಿಯಬೇಡಿರಿ. ಕಂದಾಯ ತಾರದ ನೆಲವನ್ನೆಲ್ಲ ಬ್ರಿಟಿಷರ ಆಡಳಿತ 'ವೇಸ್ಟ್‌ಲ್ಯಾಂಡ್' ಎಂದು ಕರೆಯಿತು. ನಾವು ಅದನ್ನು ಪಾಳು, ಬಂಜರು, ಬೀಳು ಎಂದು ಕನ್ನಡಿಸಿಕೊಂಡೆವು. ಪಾಳೆಂದ ಮೇಲೆ ಅದನ್ನು ಯಾರಿಗೆ ಕೊಟ್ಟರೂ ಕಳೆದುಕೊಂಡವರು ಯಾರೂ ಇಲ್ಲವೆಂಬಂತಾಯಿತು. 1984ರಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿ, ಕಾಗದದಲ್ಲಿ ಕ್ಷೀಣಿಸಿದ ನೆಲವೆಂದೆನಿಸಿಕೊಂಡ ಸುಮಾರು 30,000 ಹೆಕ್ಟೇರನ್ನು ನೀಲಗಿರಿ ನೆಡುತೋಪಿಗೆ ವಿನಿಯೋಗಿಸಲು ಹೊರಟಾಗ, ಆ ನೆಲದಲ್ಲಿ ದನ ಮೇಯಿಸುತ್ತಿದ್ದ, ಸೌದೆ ಸೊಪ್ಪು ತರುತ್ತಿದ್ದ ಹಳ್ಳಿಗರು ಎದ್ದು ನಿಂತರು. ಶಿವರಾಮ ಕಾರಂತರೂ ಇತರರೂ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 1987ರ ನವೆಂಬರ್ 14ರಂದು, ನಮ್ಮ ನೆರೆಯ ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ, ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂಬ ಆ ಸತ್ಯಾಗ್ರಹದ ಹೆಸರಿಗೆ ಯಾವ ಪರಿಭಾಷಾಕೋಶದ ಆಸರೆಯೂ ಬೇಕಾಗಲಿಲ್ಲ.

ಅದೇ 1987ರಲ್ಲಿ ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡರ ಅಧ್ಯಕ್ಷತೆಯಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ತನ್ನ ವರದಿಯನ್ನು ಹೊರತಂದು, ನಾವಿಂದು ಸುಸ್ಥಿರ ಅಭಿವೃದ್ಧಿಯೆನ್ನುವ ಮಾತನ್ನು ಲೋಕದಲ್ಲೆಲ್ಲ ಹರಡಿತು. ಇಂಗ್ಲಿಷಿನ 'ಸಸ್ಟೈನಬಲ್' ಎಂಬುದಕ್ಕೆ ನಾರ್ವೇಜಿಯನ್ನರು ಬಳಸಿದ್ದು 'ಬ್ಯಾರೆಕ್ರಾಫ್ತಿ' ಎಂಬ ತಮ್ಮ ಪದವನ್ನು: ಬ್ಯಾರೆ ಎಂದರೆ ಹೊರುವುದು, ಕ್ರಾಫ್ತ್ ಎಂದರೆ ಬಲ. ಹೊರುವ ಬಲ! ಭೂಮಿಯನ್ನು ಧರಿತ್ರಿಯೆಂದು ಕರೆಯುತ್ತ ಬಂದಿರುವ ನಮಗೆ ಇದು ಎಷ್ಟು ಸಮೀಪದ ಭಾವನೆ! ಸುಸ್ಥಿರವೆಂದರೆ ಚೆನ್ನಾಗಿ ನಿಂತದ್ದು. ಆ ಪದದಲ್ಲಿ ಹೊರೆಯೂ ಇಲ್ಲ, ಹೊರುವವಳೂ ಇಲ್ಲ. "ಈ ನೆಲ ಎರಡು ಬೆಳೆ ತಾಳಲ್ಲ" ಎನ್ನುವ ನಮ್ಮ ಒಕ್ಕಲಿಗನ ಬಾಯಲ್ಲಿ ಎರಡೂ ಉಂಟು. ಧಾರಣಶಕ್ತಿಯೆನ್ನಿ, ತಾಳಿಕೆಯೆನ್ನಿ, ಆ ಪದ ಮೊದಲೇ ನಮ್ಮಲ್ಲಿತ್ತು, ಹುಡುಕುವ ಶ್ರಮವನ್ನು ಯಾರೂ ವಹಿಸಲಿಲ್ಲ.

ಆ ತಪ್ಪಿತಸ್ಥರಲ್ಲಿ ನಾನೂ ಒಬ್ಬ. ಬಹು ವರ್ಷಗಳ ಹಿಂದೆ ಸಮೀಕ್ಷೆಯ ನಮೂನೆಯೊಂದನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ವೇಸ್ಟ್‌ಲ್ಯಾಂಡ್ ಎಂಬ ಕಡೆ ಪಾಳುಭೂಮಿಯೆಂದು ಬರೆದು, ಅದೇ ಹಾಳೆಯನ್ನು ಹಿಡಿದು ಈ ಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ನಾನು ಓದಿದ್ದನ್ನು ಕೇಳಿದ ವೃದ್ಧರೊಬ್ಬರು, "ಪಾಳು ಅಂದ್ರೆ ಯಾರೂ ಕಾಲಿಡದೇ ಇರೋದಲ್ಲೇನ್ರೀ ಮೇಷ್ಟ್ರೇ? ನಮ್ಮ ದನ ದಿನಾ ಅಲ್ಲೇ ಮೇಯ್ತಾವಲ್ಲ" ಎಂದರು. ಬಳಿಕ ನನ್ನನ್ನು ಏರಿಯ ಮೇಲೆ ಕರೆದೊಯ್ದು, ಕೈಯ ಕೋಲಿನಿಂದ ಒಂದೊಂದನ್ನೇ ತೋರಿಸತೊಡಗಿದರು: ದನ ಮೇಯುವುದು ಗೋಮಾಳ, ಹುಲ್ಲು ಕೊಯ್ಯುವುದು ಬ್ಯಾಣ, ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನಬೆಟ್ಟ, ಬಿತ್ತದೆ ಬಿಟ್ಟಿರುವುದು ಹಕ್ಕಲು, ಅದರಾಚೆ ಕಪ್ಪಗೆ ಕಾಣುವುದು ಕಾನು. ನಾನು ನಮೂನೆಯ ಅಂಚಿನಲ್ಲಿ ಬರೆದುಕೊಳ್ಳುತ್ತ ಹೋದೆ. ಅಂಚು ತುಂಬಿತು, ಅವರ ಹೆಸರುಗಳು ಮುಗಿಯಲಿಲ್ಲ. ಆಗ ಅವರೇ ನನ್ನ ಕೈಯಿಂದ ಹಾಳೆಯನ್ನು ತೆಗೆದುಕೊಂಡು, ಮಗುಚಿ, ಮರಳಿ ಕೊಟ್ಟು, "ಈ ಕಡೆ ಖಾಲಿ ಐತಲ್ಲ, ಇಲ್ಲಿ ಬರೀರಿ" ಎಂದರು.