ಅದೇ ಕಣ್ಣು, ಬೇರೆ ಕಾಯಕ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಅಟ್ಲಾಂಟಿಕ್ ಸಾಗರದ ನಡುವೆ, ಪೋರ್ಚುಗಲ್ ದೇಶಕ್ಕೆ ಸೇರಿದ ಅಜೋರ್ಸ್ ಎಂಬ ಒಂಬತ್ತು ದ್ವೀಪಗಳಿವೆ. ಎಲ್ಲವೂ ಜ್ವಾಲಾಮುಖಿಯಿಂದ ಹುಟ್ಟಿದವು. ಅವುಗಳಲ್ಲೊಂದಾದ ಪಿಕೊ ದ್ವೀಪದ ಶಿಖರ 2,351 ಮೀಟರ್ ಎತ್ತರವಿದೆ. ನೆಲದ ಮೇಲೆ ಕಡಿದಾದ ಈ ದ್ವೀಪಗಳು ನೀರಿನೊಳಗೂ ಅಷ್ಟೇ ಕಡಿದಾಗಿ ಇಳಿಯುವುದರಿಂದ, ದಡದ ಸಮೀಪದಲ್ಲೇ ಕಡಲು ಬಹು ಆಳ. ಆ ಆಳದಲ್ಲಿ ಸ್ಕ್ವಿಡ್‌ಗಳನ್ನು ಬೇಟೆಯಾಡುವ ಸ್ಪರ್ಮ್ ತಿಮಿಂಗಿಲಗಳು ದಡದವರ ಕಣ್ಣಿಗೆ ಬೀಳುವಷ್ಟು ಹತ್ತಿರ ಬರುತ್ತವೆ.

ಅಮೆರಿಕದ ಬೇಟೆ ಹಡಗುಗಳಿಂದ ವಿದ್ಯೆ ಕಲಿತ ದ್ವೀಪವಾಸಿಗಳು ತಲೆಮಾರುಗಳ ಕಾಲ ಅವುಗಳನ್ನು ಕೊಂದರು. ಎತ್ತರದ ಕಾವಲುಮನೆಯಲ್ಲಿ ಒಬ್ಬನು ದುರ್ಬೀನು ಹಿಡಿದು ಕೂರುತ್ತಿದ್ದನು. ಉಸಿರಿನ ಚಿಲುಮೆ ಕಂಡೊಡನೆ ಬಾಣಬಿರುಸು ಹಾರಿಸುತ್ತಿದ್ದನು. ಹೊಲದಲ್ಲಿದ್ದವರು ಗುದ್ದಲಿ ಬಿಸುಟು ದೋಣಿಗಳತ್ತ ಓಡುತ್ತಿದ್ದರು. ಕೈಯಿಂದ ಎಸೆಯುವ ಈಟಿಯೇ ಅವರ ಆಯುಧ. ಬಡವರಿಗೆ ಅದು ಅನ್ನ. ಹಳಿಯುವುದು ಸುಲಭ, ಬದಲಿ ದಾರಿ ತೋರುವುದು ಕಷ್ಟ.

1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವಾಣಿಜ್ಯ ಬೇಟೆಯನ್ನು ನಿಲ್ಲಿಸಲು ನಿರ್ಧರಿಸಿತು. ಅಜೋರ್ಸ್‌ನಲ್ಲಿ ಕೊನೆಯ ತಿಮಿಂಗಿಲ ಹತವಾದುದು 1987ರಲ್ಲಿ. ಕಾವಲುಮನೆಗಳು ಪಾಳುಬೀಳಬೇಕಿತ್ತು, ಬೀಳಲಿಲ್ಲ. ತಿಮಿಂಗಿಲಗಳನ್ನು ನೋಡಲೆಂದೇ ಪ್ರವಾಸಿಗರು ಬರತೊಡಗಿದಾಗ ಅದೇ ಕಾವಲುಗಾರರು ಮತ್ತೆ ಗುಡ್ಡವೇರಿದರು. ಸ್ಪರ್ಮ್ ತಿಮಿಂಗಿಲದ ಉಸಿರು ನೇರ ಏಳದೆ ಮುಂದಕ್ಕೆ, ಎಡಕ್ಕೆ ವಾಲುತ್ತದೆ. ಅದನ್ನು ದೂರದಿಂದಲೇ ಗುರುತಿಸಬಲ್ಲ ಕಣ್ಣು ಇಂದು ರೇಡಿಯೋ ಮೂಲಕ ದೋಣಿಗೆ ದಿಕ್ಕು ಹೇಳುತ್ತದೆ.

ದೋಣಿಯಲ್ಲಿ ತಜ್ಞ ಮಾರ್ಗದರ್ಶಕರಿರುತ್ತಾರೆ. ಮುಳುಗಿದ ತಿಮಿಂಗಿಲ ಮುಕ್ಕಾಲು ಗಂಟೆ ಮೇಲೆ ಬಾರದಿರಬಹುದು. ಕಾಯುವುದನ್ನು ಅವರು ಕಲಿಸುತ್ತಾರೆ. ನೀರಿನೊಳಗೆ ಮೈಕ್ ಇಳಿಸಿ, ಅದು ಬೇಟೆಗಾಗಿ ಹೊರಡಿಸುವ ಟಕಟಕ ಸದ್ದನ್ನು ಕೇಳಿಸುತ್ತಾರೆ. ಬಾಲದಂಚಿನ ಕಚ್ಚುಗಳಿಂದ ಒಂದೊಂದನ್ನೂ ಗುರುತಿಸಿ ಚಿತ್ರ ತೆಗೆದಿಡುತ್ತಾರೆ. 1999ರ ಪ್ರಾಂತೀಯ ಕಾನೂನು ದೋಣಿಗಳ ನಡವಳಿಕೆಗೆ ಮಿತಿ ಹಾಕಿತು: 50 ಮೀಟರಿಗಿಂತ ಸಮೀಪಿಸುವಂತಿಲ್ಲ, ತಿಮಿಂಗಿಲಗಳೊಡನೆ ಈಜುವಂತಿಲ್ಲ.

ಈ ಮಿತಿಯೇ ಇಲ್ಲಿನ ಸಾರ. ನೋಡುವ ಆಸೆಯೂ ಒಂದು ಬಗೆಯ ಬೇಟೆಯಾಗಬಲ್ಲದು. ದೋಣಿಗಳು ಹೆಚ್ಚಿದರೆ, ಸದ್ದು ಹೆಚ್ಚಿದರೆ, ಈಟಿಯಿಲ್ಲದೆಯೂ ಪ್ರಾಣಿ ಬಳಲುತ್ತದೆ.

ಬೆಟ್ಟದೂರುಗಳಿಗೂ ಪ್ರವಾಸಿಗರು ಬರುತ್ತಿದ್ದಾರೆ. ಅವರಿಗೆ ದಾರಿ ತೋರುವವರು ಕಾಡನ್ನು ಬಲ್ಲ ಊರಿನವರೋ ಅಥವಾ ಕೇವಲ ಲಾಭವನ್ನು ಬಲ್ಲ ಹೊರಗಿನವರೋ? ಎಲ್ಲಿ ನಿಲ್ಲಬೇಕೆಂದು ಹೇಳುವ ಧೈರ್ಯ ಯಾರಿಗಿದೆ? ಅಜೋರ್ಸ್‌ನ ಕಾವಲುಗಾರನು ತನ್ನ ವಿದ್ಯೆಯನ್ನು ಬಿಡಲಿಲ್ಲ. ಅದರ ಗುರಿಯನ್ನಷ್ಟೇ ಬದಲಿಸಿದನು.