ಕಂಬ ಹತ್ತೋದು ನಮಗೇನು ಹೊಸದಲ್ಲ

ಲಾಂಗ್ ಬೀಚ್‌ನಲ್ಲಿ ವಾರಕ್ಕೆರಡು ಸಂಜೆ ನಾನು ಪೋಲ್ ಡಾನ್ಸ್ ಕಲೀತೀನಿ. ನಗು ಬಂದರೆ ನಗಿ. ಕ್ಲಬ್ಬಿನ ಕುಣಿತದಿಂದಲೇ ಇದು ವ್ಯಾಯಾಮಕ್ಕೆ ಬಂದದ್ದು, ಮುಚ್ಚಿಡೋದೇನಿಲ್ಲ. ಆ ಹೆಣ್ಣುಮಕ್ಕಳು ಬೆಳೆಸಿದ ಪಟ್ಟುಗಳನ್ನೇ ನಾವು ದುಡ್ಡು ಕೊಟ್ಟು ಕಲೀತಿದ್ದೇವೆ.

ನಮ್ಮ ಕ್ಲಾಸಿನಲ್ಲಿ ನರ್ಸ್, ಟೀಚರ್, ಬಂದರಿನಲ್ಲಿ ದುಡಿಯೋರು ಎಲ್ಲ ಇದ್ದಾರೆ. ಕಂಬ ಲೋಹದ್ದು, ಸಾಮಾನ್ಯವಾಗಿ 45 ಮಿಲಿಮೀಟರ್ ದಪ್ಪ. ಬರಿಯ ಚರ್ಮಕ್ಕೇ ಹಿಡಿತ, ಬಟ್ಟೆ ಜಾರುತ್ತೆ. ಆ ದಿನ ಲೋಷನ್ನೂ ಹಚ್ಚೋ ಹಾಗಿಲ್ಲ. ತೊಡೆ, ಮೊಣಕಾಲಿನ ಹಿಂದೆ ನೀಲಿಗಟ್ಟುತ್ತೆ. ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿದ ಈ ಭುಜಗಳು ಮೈಭಾರ ಎತ್ತೋದಕ್ಕೆ ಏಳು ತಿಂಗಳು ಬೇಕಾಯ್ತು.

ಗದಗದಿಂದ ಬಂದಿದ್ದ ಅತ್ತೆ, ಚಡ್ಡಿ ಯಾಕೆ ಅಂತ ಕೇಳಿದರು. ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇದು ಮಲ್ಲಕಂಬ ಇದ್ದಂಗ ಐತಲ್ಲ” ಅಂದರು.

ಹೌದಲ್ಲ! ಅದು ಮರದ ಕಂಬ, ಅದಕ್ಕೆ ಹರಳೆಣ್ಣೆ ಸವರುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಮಲ್ಲರ ಕಂಬದ ಕಸರತ್ತಿನ ಮಾತು ಎತ್ತಿದ್ದಾನೆ. ಅದರಿಂದ ಇದು ಹುಟ್ಟಿತು ಅಂತ ನಾನನ್ನೋದಿಲ್ಲ. ಆದರೆ ಗಂಡಸು ಹತ್ತಿದರೆ ಕಸರತ್ತು, ನಾನು ಹತ್ತಿದರೆ ಗುಸುಗುಸು, ಇದ್ಯಾವ ಲೆಕ್ಕ? 2017ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಮಹಾಸಂಘವೇ ಪೋಲ್ ಕ್ರೀಡೆಗೆ ವೀಕ್ಷಕ ಸ್ಥಾನ ಕೊಟ್ಟಿತ್ತು.

ನನ್ನ ಫೋಟೋ ವಾಟ್ಸಾಪ್‌ನಲ್ಲಿ ಮನೆಮನೆ ಸುತ್ತಿದ್ದು ನನಗೂ ಗೊತ್ತು. ಮುಂದಿನ ಸಲ ನನ್ನನ್ನೇ ಕೇಳಿ, ಅದಕ್ಕಿಂತ ಚೆನ್ನಾಗಿರೋದು ಕಳಿಸ್ತೀನಿ. ಅತ್ತೆಯೇ ತೆಗೆದದ್ದು.