ಹಳೆಯ ಗ್ಯಾಸ್ಕೆಟ್: ಉಳಿತಾಯವೋ ನಷ್ಟವೋ?



ಕನ್ನಡ ಪಂಡಿತನಿಗೂ ಮೋಟಾರು ಇಂಜಿನ್ನಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ಉಂಟು. ತರಗತಿಯಲ್ಲಿ ನಾವು ಮಕ್ಕಳಿಗೆ ಆಗಮ ಸಂಧಿಯನ್ನು ಹೇಳಿಕೊಡುತ್ತೇವೆ. 'ಮನೆ' ಎಂಬುದರ ಮುಂದೆ 'ಅನ್ನು' ಬಂದರೆ ನಡುವೆ ಒಂದು ಯಕಾರ ಬಂದು ನಿಂತು, 'ಮನೆಯನ್ನು' ಎಂದಾಗುತ್ತದೆ. ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇರುವ ಗ್ಯಾಸ್ಕೆಟ್ ಅಂಥದೇ ಒಂದು ಆಗಮ. ಎರಡು ಲೋಹಗಳ ಮೈಯನ್ನು ಎಷ್ಟೇ ನುಣುಪಾಗಿ ಉಜ್ಜಿದರೂ ಕಣ್ಣಿಗೆ ಕಾಣದ ತಗ್ಗುದಿಣ್ಣೆ ಉಳಿದೇ ಇರುತ್ತದೆ. ಆ ತಗ್ಗನ್ನು ತುಂಬುವುದೇ ಈ ತೆಳುಹಾಳೆಯ ಕೆಲಸ.

ನಮ್ಮ ಯಲ್ದೂರು ಇರುವುದು ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಮಾವಿನ ಸುಗ್ಗಿಗೆ ಮೊದಲೇ ಗಾಡಿ ಸಿದ್ಧವಾಗಿರಲೆಂದು ಹಳೆಯ ಇಂಜಿನ್ ಬಿಚ್ಚಿ ಕಟ್ಟಿಸುವವರಿಗೆ ಈ ಮಾತು ಮುಖ್ಯವಾದುದು. ಬೋರು, ಪಿಸ್ಟನ್ನು, ಬೇರಿಂಗು ಎಂದು ಸಾವಿರಾರು ರೂಪಾಯಿ ಸುರಿದ ಮೇಲೆ, ಕೊನೆಗೆ ಗ್ಯಾಸ್ಕೆಟ್ಟಿನ ಸರದಿ ಬಂದಾಗ ನಮ್ಮ ಕೈ ಹಿಂಜರಿಯುತ್ತದೆ. "ಹಳೆಯದೇ ಚೆನ್ನಾಗಿದೆಯಲ್ಲ, ಅದನ್ನೇ ಒರೆಸಿ ಹಾಕಪ್ಪ" ಎಂದು ಮೆಕ್ಯಾನಿಕ್ಕಿಗೆ ಹೇಳುತ್ತೇವೆ. ಹಾಗೆ ಹೇಳಬಹುದೇ?

ಇದಕ್ಕೆ ಉತ್ತರ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಹಬೆ ಹೊರಬೀಳದಂತೆ ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಮುಚ್ಚಳವಿಡುವುದುಂಟು. ಬಿಸಿಗೆ ಒಣಗಿದ ಆ ಹಿಟ್ಟನ್ನು ಕಿತ್ತು, ಮರುದಿನ ಅದನ್ನೇ ಮೆತ್ತಲು ಯಾವ ಗೃಹಿಣಿಯೂ ಹೋಗುವುದಿಲ್ಲ. ಕುಕ್ಕರಿನ ರಬ್ಬರ್ ಬಳೆಯನ್ನಾದರೋ ದಿನವೂ ತೊಳೆದು ಬಳಸುತ್ತಾರೆ. ಅದು ಗಡುಸಾಗಿ ಬಿರಿದಾಗ ಮಾತ್ರ ಹೊಸದನ್ನು ತರುತ್ತಾರೆ. ಮೊದಲನೆಯದು ಒತ್ತಿದ ಆಕಾರದಲ್ಲಿಯೇ ನಿಂತುಬಿಡುವ ವಸ್ತು. ಎರಡನೆಯದು ಒತ್ತಡ ತೆಗೆದೊಡನೆ ಮೊದಲಿನಂತಾಗುವ ವಸ್ತು. ಇಂಜಿನ್ನಿನ ಗ್ಯಾಸ್ಕೆಟ್ಟುಗಳಲ್ಲಿಯೂ ಈ ಎರಡು ಜಾತಿಗಳುಂಟು.

ಹೆಡ್ ಗ್ಯಾಸ್ಕೆಟ್ ಹಿಟ್ಟಿನ ಜಾತಿಗೆ ಸೇರಿದುದು. ಅದರ ಒಂದು ಬದಿಗೆ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಬೆಂಕಿ. ಪಕ್ಕದ ತೂತುಗಳಲ್ಲಿ ಒಂದೆಡೆ ನೀರು, ಇನ್ನೊಂದೆಡೆ ಎಣ್ಣೆ. ಈ ಮೂರೂ ಒಂದನ್ನೊಂದು ಮುಟ್ಟಕೂಡದು. ಬೋಲ್ಟು ಬಿಗಿದಾಗ ಹಾಳೆ ನಲುಗಿ, ಆ ಹೆಡ್ಡಿನ, ಆ ಬ್ಲಾಕಿನ ತಗ್ಗುದಿಣ್ಣೆಗಳಿಗೆ ಅಚ್ಚೊತ್ತಿದಂತೆ ಕೂರುತ್ತದೆ. ಬಿಚ್ಚಿದ ಮೇಲೆ ಅದರ ಮೊದಲಿನ ದಪ್ಪ ಮರಳಿ ಬಾರದು. ನೋಡಲು ಎಷ್ಟೇ ಚೆನ್ನಾಗಿದ್ದರೂ ಅದು ಕೆಲಸ ಮುಗಿಸಿದ ವಸ್ತು. ಮೇಲೆ ಅಂಟು ಬಳಿದರೆ ಸಾಕೆಂಬುದೂ ತಪ್ಪು; ಹೆಚ್ಚಾದ ಅಂಟು ಒಳಕ್ಕೆ ಜಾರಿ ಎಣ್ಣೆಯ ದಾರಿಯನ್ನೇ ಕಟ್ಟಬಹುದು.

ಹಳೆಯದನ್ನೇ ಹಾಕಿದ ಗಾಡಿ ಮೊದಲ ದಿನ ಓಡಬಹುದು. ಹಣ್ಣಿನ ಭಾರ ಹೊತ್ತು ಬಿಸಿಲಲ್ಲಿ ದಿಣ್ಣೆ ಏರುವಾಗ ಅದರ ಗುಟ್ಟು ಹೊರಬೀಳುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ಹೊಗೆಕೊಳವೆಯಲ್ಲಿ ಬಿಳಿಯ ಹಬೆ ಬರುತ್ತದೆ, ನೀರು ಬೆರೆತ ಎಣ್ಣೆ ಮಜ್ಜಿಗೆಯಂತಾಗುತ್ತದೆ. ಅಂಥ ಎಣ್ಣೆಯಲ್ಲಿ ಓಡಿದ ಹೊಸ ಬೇರಿಂಗುಗಳು ಬಾಳುವುದಿಲ್ಲ. ಅತಿಯಾಗಿ ಕಾದ ಹೆಡ್ಡು ಸೊಟ್ಟಗಾಗುತ್ತದೆ. ಇತ್ತ ಹಣ್ಣು ಗಾಡಿಯಲ್ಲಿಯೇ ಮಾಗುತ್ತದೆ, ಅತ್ತ ಸಾಲದ ಕಂತಿನ ದಿನ ಬರುತ್ತದೆ. ಉಳಿಸಿದ್ದು ಒಂದು ಹಾಳೆಯ ಬೆಲೆ. ತೆತ್ತದ್ದು ಎರಡನೆಯ ಸಲದ ಕೂಲಿ ಮತ್ತು ಆ ವರ್ಷದ ಸುಗ್ಗಿ.

ಹಾಗೆಂದು ಎಲ್ಲವನ್ನೂ ಎಸೆಯಬೇಕಾಗಿಲ್ಲ. ಟ್ಯಾಪೆಟ್ ಕವರಿನ ಅಚ್ಚಿನ ರಬ್ಬರು ಮೆತ್ತಗಿದ್ದು, ಬಿರುಕಿಲ್ಲದೆ, ಚಪ್ಪಟೆಯಾಗದೆ ಇದ್ದರೆ ಮತ್ತೆ ಹಾಕಬಹುದು. ಬರಿಯ ತಾಮ್ರದ ವಾಷರು ಒತ್ತಡದಿಂದ ಗಡುಸಾಗುತ್ತದೆ. ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆದುವಾಗುತ್ತದೆ. ಕಾಗದದ ಮತ್ತು ಬಿರಡೆಯ ಗ್ಯಾಸ್ಕೆಟ್ಟುಗಳನ್ನು ಮಾತ್ರ ಮರಳಿ ಹಾಕಬಾರದು. ಆದರೆ ವಾಟರ್ ಪಂಪಿನಂಥ ಕಡೆಗೆ ಅದೇ ದಪ್ಪದ ಗ್ಯಾಸ್ಕೆಟ್ ಹಾಳೆ ತಂದು ಅಳತೆಗೆ ಕತ್ತರಿಸಿಕೊಳ್ಳಬಹುದು. ನಿಜವಾದ ಮಿತವ್ಯಯ ಇಲ್ಲಿದೆ.

ಇನ್ನು ಕೆಲವು ಎಚ್ಚರಿಕೆಗಳು. ಹಿಂದಿನ ಕಾಲದ ಹಲವು ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಅಂಟಿದ ಚೂರುಗಳನ್ನು ನೀರಿನಿಂದ ನೆನೆಸಿ ಕೆರೆಯಿರಿ. ಒಣಗಿದಂತೆಯೇ ಉಜ್ಜಬೇಡಿ, ಗಾಳಿಯಿಂದ ಊದಬೇಡಿ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಮೊದಲು ಹೇಳಬೇಕು. ಹೊಸ ಗ್ಯಾಸ್ಕೆಟ್ ಹಾಕುವ ಮುನ್ನ ಹೆಡ್ಡಿನ ಮೇಲೆ ನೇರಪಟ್ಟಿಯಿಟ್ಟು ಸೊಟ್ಟ ನೋಡಿಸಿರಿ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತಗಳಲ್ಲಿ, ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು. ಈಚಿನ ಹಲವು ಇಂಜಿನ್ನುಗಳಲ್ಲಿ ಬಿಗಿದಾಗ ಹಿಗ್ಗುವ ಬೋಲ್ಟುಗಳಿವೆ, ಅವನ್ನೂ ಬದಲಾಯಿಸಬೇಕು.

ಕೊನೆಯದಾಗಿ, ಇಂಜಿನ್ ಬಿಚ್ಚುವ ಮೊದಲೇ ಪೂರ್ತಿ ಗ್ಯಾಸ್ಕೆಟ್ ಸೆಟ್ಟನ್ನು ತಂದಿಟ್ಟುಕೊಳ್ಳಿರಿ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಅಂಥ ಗಾಡಿಗಳಿಗೆ ಬಿಡಿಭಾಗ ಹುಡುಕಲು ದಿನಗಳು ಬೇಕಾಗಬಹುದು. ಹೊಸದು ಕೈಯಲ್ಲಿಲ್ಲದ ಹೊತ್ತಿನಲ್ಲಿಯೇ ಹಳೆಯದು ಚೆನ್ನಾಗಿರುವಂತೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ಹೊಸದಿದ್ದರೆ ಆ ಭ್ರಮೆಗೆ ಎಡೆಯೇ ಇರದು.